ಬಾಸ್ಟಿಲ್ ಅಂಚೆ: ಬಟವಾಡೆ ಒಂದನ್ನು ಬಿಟ್ಟು ಎಲ್ಲ ಸೇವೆಯೂ ಲಭ್ಯ

ಕ್ರಾಂತಿಗೆ ಮುಂಚಿನ ಫ್ರಾನ್ಸಿನಲ್ಲಿ ಒಬ್ಬನನ್ನು ಪ್ಯಾರಿಸ್ಸಿನ ಸೆರೆಮನೆಯಾಗಿದ್ದ ಬಾಸ್ಟಿಲ್ ಕೋಟೆಯೊಳಗೆ ಹಾಕಲು ನಾಲ್ಕು ಸಾಲಿನ ಕಾಗದ ಸಾಕಿತ್ತು. ಹೆಸರು ಲೆತ್ರ್ ದ ಕಾಶೆ, ಅಂದರೆ ರಾಜಮುದ್ರೆಯ ಆಜ್ಞಾಪತ್ರ. ಇಂಥವನನ್ನು ನನ್ನ ಕೋಟೆಯಲ್ಲಿ ಸೇರಿಸಿಕೊಳ್ಳಿ, ಮುಂದಿನ ಆಜ್ಞೆಯವರೆಗೆ ಇರಿಸಿಕೊಳ್ಳಿ, ದೇವರು ನಿಮ್ಮನ್ನು ಕಾಪಾಡಲಿ. ಕೆಳಗೆ ‘ಲೂಯಿ’ ಎಂಬ ರಾಜನ ಸಹಿ (ಎಷ್ಟೋ ಸಲ ಅದನ್ನೂ ಕಾರ್ಯದರ್ಶಿಯೇ ಹಾಕುತ್ತಿದ್ದ), ಜೊತೆಗೆ ಮಂತ್ರಿಯ ರುಜು. ಅಪರಾಧ, ವಿಚಾರಣೆ, ಅವಧಿ? ಅಷ್ಟೆಲ್ಲ ಬರೆಯಲು ಪುರುಸೊತ್ತು ಯಾರಿಗಿದೆ! ದೇವರ ರಕ್ಷಣೆ ಕೋರಿದ್ದೂ ಕೋಟೆಯ ಅಧಿಕಾರಿಗೆ, ಕೈದಿಗಲ್ಲ.

ಕೈದಿ ಬರೆಯಲು ಕೂತರೆ ಮಾತ್ರ ಆಡಳಿತ ಬಲು ಚುರುಕು. ಹಾಳೆಗಳನ್ನು ಎಣಿಸಿ ಕೊಡುವುದು, ಬರೆದದ್ದೋ ಖಾಲಿಯೋ, ಎಣಿಸಿಯೇ ವಾಪಸ್ ಪಡೆಯುವುದು. ಹೆಂಡತಿಗೆ ಬರೆದರೂ ಪತ್ರ ಹೋಗುವುದು ಪ್ಯಾರಿಸ್ ಪೊಲೀಸ್ ಮುಖ್ಯಸ್ಥನ ಮೇಜಿಗೆ, ಅಲ್ಲಿಂದ ಎಷ್ಟೋ ಸಲ ನೇರ ಕಡತಕ್ಕೆ. ಕೇರೆ ದೆಮೆರಿ ಎಂಬ ಕೈದಿ 1752ರ ಅಕ್ಟೋಬರ್ 7ರಂದು, ಹೆಂಡತಿ ಬದುಕಿದ್ದಾಳೆಂದು ತಿಳಿಯಲು ಒಂದು ಚೀಟಿಯಲ್ಲಿ ಅವಳ ಹೆಸರಾದರೂ ತೋರಿಸಿ ಎಂದು ಬೇಡಿಕೊಂಡಿದ್ದ. 1789ರಲ್ಲಿ ಕೋಟೆ ಕ್ರಾಂತಿಕಾರರ ವಶವಾದಾಗ ಅರ್ಜಿ ಕೋಟೆಯ ಕಾಗದಗಳಲ್ಲೇ ಸಿಕ್ಕಿತು. ದಾಖಲೆ ನಿರ್ವಹಣೆಯಲ್ಲಿ ಯಾರೂ ಲೋಪ ಹುಡುಕುವಂತಿಲ್ಲ.

ಪ್ಯಾರಿಸ್ ಬಳಿಯ ಇನ್ನೊಂದು ಸೆರೆಮನೆಯಾದ ವಿನ್ಸೆನ್ ಕೋಟೆಯಲ್ಲಿದ್ದ, ಮುಂದೆ ಕ್ರಾಂತಿಯ ನಾಯಕನಾದ ಮಿರಾಬೊನದು ಪುಣ್ಯ. ಪ್ರೇಯಸಿ ಸೋಫಿಗೆ ಬರೆಯಲು ಪೊಲೀಸ್ ಮುಖ್ಯಸ್ಥ ಲೆನ್ವಾರ್ ಅಪ್ಪಣೆ ಕೊಟ್ಟ. ಷರತ್ತು ಒಂದೇ: ಓದಿದ ಮೇಲೆ ಪ್ರೇಮಪತ್ರ ಗ್ರಂಥಾಲಯದ ಪುಸ್ತಕದ ಹಾಗೆ ಇಲಾಖೆಗೆ ಹಿಂತಿರುಗಬೇಕು.

ಲಾತ್ಯೂದ್ ಎಂಬುವನು 1749ರಲ್ಲಿ ರಾಜನ ಪ್ರೇಯಸಿ ಮದಾಮ್ ಪಾಂಪದೂರ್‌ಗೆ ನಿರುಪದ್ರವಿ ಪುಡಿಯ ಪೆಟ್ಟಿಗೆ ಕಳಿಸಿ, ವಿಷದ ಸಂಚು ನಡೆದಿದೆಯೆಂದು ತಾನೇ ಹೋಗಿ ಎಚ್ಚರಿಸಿದ. ಬಹುಮಾನದ ಆಸೆ; ಸಿಕ್ಕಿದ್ದು ಬಾಸ್ಟಿಲ್. ನಡುವೆ ಕೆಲವು ಬಾರಿ ತಪ್ಪಿಸಿಕೊಂಡರೂ ಅಂತಿಮ ಬಿಡುಗಡೆಯಾಗಿದ್ದು 1784ರಲ್ಲಿ. ಕಾಗದ ಕೊಡದಿದ್ದಾಗ ಅವನು ಮಾಡಿದ್ದೇನು ಎಂದು ಅವನೇ ಹೇಳಿಕೊಂಡಿದ್ದಾನೆ: ಬ್ರೆಡ್ಡಿನ ಮೆದು ತಿರುಳನ್ನು ಎಂಜಲಿನಲ್ಲಿ ನಾದಿ, ಚಪ್ಪಟೆ ತಟ್ಟಿ ಹಲಗೆ ಮಾಡುವುದು, ಮೀನಿನ ಮುಳ್ಳೇ ಲೇಖನಿ, ಬೆರಳು ಚುಚ್ಚಿ ತೆಗೆದ ರಕ್ತವೇ ಶಾಯಿ. ರಕ್ತ ಬೇಗ ಹೆಪ್ಪುಗಟ್ಟುತ್ತದೆ, ತುಸು ನೀರು ಬೆರೆಸಬೇಕು. ಮತ್ತೆ ಮತ್ತೆ ಚುಚ್ಚಿದರೆ ಬೆರಳು ಊದಿಕೊಳ್ಳುತ್ತದೆ. ಹಾಗಾಗಿ ಅರ್ಜಿ ಚಿಕ್ಕದಾಗಿರಲಿ. ಮೇಲಧಿಕಾರಿಗಳಿಗೂ ಉದ್ದದ ಅರ್ಜಿ ಹಿಡಿಸುವುದಿಲ್ಲ.

ಬಿಡುಗಡೆಯ ದಿನ ಮಾತ್ರ ಶಾಯಿ, ಲೇಖನಿ ತಾವಾಗಿಯೇ ಮೇಜಿಗೆ ಬರುತ್ತಿದ್ದವು. ಒಳಗೆ ಕಂಡದ್ದು, ಕೇಳಿದ್ದು ಯಾವುದನ್ನೂ ಹೊರಗೆ ಹೇಳುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕಲ್ಲ. ಆ ಕಚೇರಿಯಲ್ಲಿ ಅದೇ ದಿನ ವಿಲೇವಾರಿಯಾಗುತ್ತಿದ್ದ ಕಾಗದ ಬಹುಶಃ ಅದೊಂದೇ.