ಸತ್ತ ಕುದುರೆಯ ಬಾಲ ಮತ್ತು ಮುಂದಿನ ಮಂಗಳವಾರ

2025ರ ನವೆಂಬರ್ 4ಕ್ಕೆ ಇನ್ನು ಒಂದೇ ವಾರ. ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮಂಗಳವಾರದ ಸುತ್ತ ನಾನು ಬರೆದಿಟ್ಟ ನೀಲಿ ಸೊನ್ನೆಯನ್ನು ನೋಡಿ ನಮ್ಮ ಅಕೌಂಟೆಂಟ್ ರಾಯರು "ಯಾವ ಹಡಗು ಬರುವುದಿದೆ?" ಎಂದು ಕೇಳಿದರು. ಗೋವಾದ ಮುರಗಾವ ಬಂದರಿನ ಪಕ್ಕದ, ಹಡಗಿನ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಕಚೇರಿಯಲ್ಲಿ ಕ್ಯಾಲೆಂಡರಿಗೆ ಗುರುತು ಬಿದ್ದರೆ ಅದು ಹಡಗಿನದೇ ಆಗಿರಬೇಕು. ಹಡಗಲ್ಲ, ಕಂಪ್ಯೂಟರ್ ಆಟ ಎಂದು ಹೇಳಲು ನಲವತ್ತೆರಡನೆಯ ವಯಸ್ಸಿನಲ್ಲಿ ನಾಲಿಗೆ ಹೊರಳಲಿಲ್ಲ. "ಮನೆಯ ಕೆಲಸ" ಎಂದುಬಿಟ್ಟೆ. ಇಲ್ಲಿ ಮಾತ್ರ ಸುಳ್ಳು ಹೇಳುವುದಿಲ್ಲ. ಯುರೋಪಾ ಯುನಿವರ್ಸಾಲಿಸ್ 5 ಬಿಡುಗಡೆಯಾಗುತ್ತಿದೆ, ನಾನು ಮರುದಿನಕ್ಕೆ ರಜೆ ಹಾಕಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬಂದೂಕು ಹಿಡಿದು ಓಡಾಡುವ ಆಟವಲ್ಲ. ಪರದೆಯ ತುಂಬ ಒಂದು ಭೂಪಟ ಇರುತ್ತದೆ. ಅದರಲ್ಲಿ ಒಂದು ರಾಜ್ಯವನ್ನು ಆರಿಸಿಕೊಂಡು ಅದರ ತೆರಿಗೆ, ಸಾಲ, ಸಂಧಾನ, ರಾಜಮನೆತನದ ಮದುವೆ, ದಂಡು ದಾಳಿ ಎಲ್ಲವನ್ನೂ ಶತಮಾನಗಟ್ಟಲೆ ನಿಭಾಯಿಸಬೇಕು. ಮಾಡಿದವರು ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯವರು. ಅವರ ಟಿಂಟೊ ಎಂಬ ತಂಡ ಬಾರ್ಸಿಲೋನಾದ ಬಳಿ ಸಿಟ್ಜೆಸ್ ಎಂಬ ಕಡಲ ತೀರದ ಊರಿನಲ್ಲಿದೆ, ಮುಂದಾಳು ಯೋಹಾನ್ ಆಂಡರ್ಸನ್. ಇದರ ಹಿಂದಿನ ಆಟ ಬಂದದ್ದು 2013ರ ಆಗಸ್ಟಿನಲ್ಲಿ. ಆಗ ನನ್ನ ಮಗಳು ಹುಟ್ಟಿರಲಿಲ್ಲ, ಈಗ ಅವಳು ಆರನೆಯ ತರಗತಿ.

ಹನ್ನೆರಡು ವರ್ಷ ಕಾದದ್ದಕ್ಕೆ ನನಗೆ ಸಿಕ್ಕ ಬಹುಮಾನ ಒಂದು ತಾರೀಖು.

ಹಳೆಯ ಆಟ ಶುರುವಾಗುತ್ತಿದ್ದದ್ದು 1444ರ ನವೆಂಬರ್ 11ರಂದು. ಅದರ ಹಿಂದಿನ ದಿನ ಬಲ್ಗೇರಿಯದ ವಾರ್ನಾದಲ್ಲಿ ತುರ್ಕರು ಒಂದು ದೊಡ್ಡ ಯುದ್ಧ ಗೆದ್ದಿದ್ದರು, ಆದ್ದರಿಂದ ಅದು ಆಟದವರಿಗೆ ಮುಹೂರ್ತ. ನಮ್ಮ ಕಡೆ ಆಗ ಎರಡನೆಯ ದೇವರಾಯನ ಕೊನೆಗಾಲ. ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ಬಂದು, ಏಳು ಸುತ್ತಿನ ಕೋಟೆ ನೋಡಿ, ಬೆರಗಾಗಿ ಹೊರಟು ವರ್ಷವಾಗುತ್ತಿತ್ತು. ವಿಜಯನಗರವನ್ನು ಆರಿಸಿಕೊಂಡರೆ ಬೇರೆಯವರು ಕಟ್ಟಿಸಿ, ಬಣ್ಣ ಬಳಿಸಿ, ಬಾವಿ ತೋಡಿಸಿಟ್ಟ ಮನೆಗೆ ಬಾಡಿಗೆಗೆ ಹೋದ ಹಾಗೆ.

ಹೊಸ ಆಟ ಶುರುವಾಗುವುದು 1337ರ ಏಪ್ರಿಲ್ 1ರಂದು. ಇದನ್ನೂ ನಮ್ಮನ್ನು ಕೇಳಿ ಆರಿಸಿದ್ದಲ್ಲ. ಇಂಗ್ಲೆಂಡಿಗೂ ಫ್ರಾನ್ಸಿಗೂ ನೂರು ವರ್ಷದ ಯುದ್ಧ ಹೊತ್ತಿಕೊಂಡದ್ದು ಆ ವರ್ಷ, ಅದಕ್ಕಾಗಿ. ಆದರೆ ವಿಜಯನಗರ ಹುಟ್ಟಿದ ದಿನವೆಂದು ಸಂಪ್ರದಾಯ ಹೇಳುವುದು 1336ರ ಏಪ್ರಿಲ್ 18. ಬೆರಳು ಮಡಚಿ ಎಣಿಸಿ ನೋಡಿ. ಆಟ ತೆರೆದಾಗ ರಾಜ್ಯಕ್ಕೆ ಇನ್ನೂ ವರ್ಷ ತುಂಬಿಲ್ಲ, ಮೊದಲ ಹುಟ್ಟುಹಬ್ಬಕ್ಕೆ ಹದಿನೇಳು ದಿನ ಬಾಕಿ. ಸ್ಪೇನಿನಲ್ಲಿ ಕುಳಿತವರು ಫ್ರಾನ್ಸಿಗೆಂದು ಇಟ್ಟ ಮುಹೂರ್ತ ತುಂಗಭದ್ರೆಯ ದಡಕ್ಕೆ ಕೂಡಿಬಂದಿದೆ.

ಆ ಹೊತ್ತಿನ ದಕ್ಷಿಣವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಂಪಿಲಿ ರಾಜ್ಯ ದೆಹಲಿಯ ದಂಡಿಗೆ ಸೋತು ಬಿದ್ದು ಹತ್ತು ವರ್ಷವಾಗಿದೆ. ಮಹಮ್ಮದ್ ಬಿನ್ ತುಘಲಕ್ ಇನ್ನೂ ದೆಹಲಿಯ ಸುಲ್ತಾನ, ಆದರೆ ಮಧುರೆ ಎರಡು ವರ್ಷದ ಹಿಂದೆಯೇ ಅವನ ಕೈ ಬಿಟ್ಟುಹೋಗಿ ಬೇರೆ ಸುಲ್ತಾನರದಾಗಿದೆ. ಬಹಮನಿ ಎಂಬ ಹೆಸರೇ ಹುಟ್ಟಿಲ್ಲ, ಅದಕ್ಕೆ 1347ರವರೆಗೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಯ್ಸಳ ಮೂರನೆಯ ಬಲ್ಲಾಳ ಇನ್ನೂ ಬದುಕಿದ್ದಾನೆ! ನಮ್ಮ ಶಾಲೆಯ ಪಾಠದಲ್ಲಿ ಹೊಯ್ಸಳರ ಅಧ್ಯಾಯ ಮುಗಿದು ಪುಟ ತಿರುವಿದ ಮೇಲೆ ವಿಜಯನಗರದ ಅಧ್ಯಾಯ ಬರುತ್ತಿತ್ತು, ಒಬ್ಬರು ಎದ್ದು ಹೋದ ಕುರ್ಚಿಯಲ್ಲಿ ಇನ್ನೊಬ್ಬರು ಕೂತಂತೆ. ನಿಜದಲ್ಲಿ ಆರೇಳು ವರ್ಷ ಇಬ್ಬರೂ ಒಂದೇ ಕಾಲದಲ್ಲಿ ಇದ್ದರು. ಹರಿಹರ, ಬುಕ್ಕರು ಹೊಳೆಯ ದಡದಲ್ಲಿ ತಳವೂರುತ್ತಿದ್ದಾಗ ಆ ಮುದುಕ ತಿರುವಣ್ಣಾಮಲೆಯ ಕಡೆಯಿಂದ ಮಧುರೆಯವರ ಮೇಲೆ ಹೋರಾಡುತ್ತಲೇ ಇದ್ದ. ಎಂಬತ್ತರ ಆಸುಪಾಸಿನಲ್ಲಿ ಸೆರೆ ಸಿಕ್ಕಿ ಸತ್ತ. ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದರೆಂದು ಇಬ್ನ್ ಬತೂತ ಬರೆದಿದ್ದಾನೆ. ಅದನ್ನು ಓದಿದ ರಾತ್ರಿ ನನಗೆ ಊಟ ಸೇರಿರಲಿಲ್ಲ.

ಎಲ್ಲರಿಗೂ ಬೇಕಾಗಿರುವುದು 1509ರಿಂದ 1529ರವರೆಗಿನ ಕೃಷ್ಣದೇವರಾಯನ ಕಾಲ. ನನಗೆ ಬೇಕಾಗಿರುವುದು 1337ರಿಂದ 1347ರವರೆಗಿನ ಈ ಹತ್ತು ವರ್ಷ. ಐವರು ಅಣ್ಣತಮ್ಮಂದಿರು, ಒಂದು ಹೊಸ ಊರು, ಪಕ್ಕದಲ್ಲಿ ಸೋಲುತ್ತಿರುವ ಒಬ್ಬ ಹಿರಿಯ. ಆ ಹಿರಿಯನಿಗೆ ನೆರವು ಕಳುಹಿಸಬೇಕೇ, ಅಥವಾ ಅವನ ನೆಲ ಕೈಗೆ ಬರಲೆಂದು ಸುಮ್ಮನೆ ಕಾಯಬೇಕೇ? ಇತಿಹಾಸದಲ್ಲಿ ನಡೆದದ್ದು ಎರಡನೆಯದಕ್ಕೆ ಹತ್ತಿರ ಎಂದು ನನ್ನ ಗುಮಾನಿ. ಆಟದಲ್ಲಿ ಮೊದಲನೆಯದನ್ನು ಮಾಡಿ ನೋಡುವುದೆಂದು ನಿರ್ಧರಿಸಿದ್ದೇನೆ.

ಈ ಹುಚ್ಚು ಹತ್ತಿದ್ದು ಹುಬ್ಬಳ್ಳಿಯಲ್ಲಿ. ಪಿಯುಸಿ ಓದುವಾಗ ಕಾಲೇಜಿನ ಹಿಂದಿನ ಓಣಿಯಲ್ಲಿ ಒಂದು ಸೈಬರ್ ಕೆಫೆ ಇತ್ತು, ಗಂಟೆಗೆ ಇಪ್ಪತ್ತು ರೂಪಾಯಿ. ಅಲ್ಲಿ ಏಜ್ ಆಫ್ ಎಂಪೈರ್ಸ್ 2 ಆಡುತ್ತಿದ್ದೆವು. 1999ರ ಆ ಆಟದಲ್ಲಿ ಹದಿಮೂರು ನಾಗರಿಕತೆಗಳಿದ್ದವು, ಭಾರತ ಇರಲಿಲ್ಲ. ಯುದ್ಧದ ಆನೆ ಇತ್ತು, ಆದರೆ ಅದು ಪರ್ಷಿಯನ್ನರ ಪಾಲಿಗೆ. ದಾಂಡೇಲಿಯ ಕಾಡಿನ ಮಗ್ಗುಲಲ್ಲಿ ಬೆಳೆದ ಹುಡುಗರು ನಾವು, ಒಂದು ಆನೆ ಬೇಕೆಂದರೆ ಪರ್ಷಿಯನ್ನರಾಗಬೇಕಿತ್ತು. ಆಗ ಅದು ನಮಗೆ ವಿಚಿತ್ರ ಎನ್ನಿಸಲೂ ಇಲ್ಲ. ಆನೆ ಸಿಕ್ಕಿತಲ್ಲ ಎಂಬ ಸಂತೋಷವೇ ದೊಡ್ಡದಾಗಿತ್ತು.

ಸಿಟ್ಟು ಬಂದದ್ದು ದೊಡ್ಡವನಾದ ಮೇಲೆ. ಯುರೋಪಾದ ನಾಲ್ಕನೆಯ ಆಟ ಬಂದ ಹೊಸದರಲ್ಲಿ ದೇಶಗಳನ್ನು ತಂತ್ರಜ್ಞಾನದ ಗುಂಪುಗಳಾಗಿ ಹಂಚಿದ್ದರು. ಪಶ್ಚಿಮದ ಗುಂಪಿನವರು ಅಗ್ಗದಲ್ಲಿ ಕಲಿಯುತ್ತಿದ್ದರು, ಭಾರತದ ಗುಂಪಿನವರು ಅದೇ ವಿದ್ಯೆಗೆ ಹೆಚ್ಚು ತೆರಬೇಕಿತ್ತು. ಯಾಕೆ? ಹುಟ್ಟಿದ ಜಾಗ. 2016ರಲ್ಲಿ ಅದನ್ನು ತೆಗೆದು ಬೇರೊಂದು ಏರ್ಪಾಟು ತಂದರು: ನವೋದಯ ಇಟಲಿಯಲ್ಲಿ ಹುಟ್ಟುತ್ತದೆ, ನಿಧಾನವಾಗಿ ನಮ್ಮತ್ತ ಹರಿದುಬರುತ್ತದೆ, ಅಲ್ಲಿಯವರೆಗೆ ನಾವು ಕಾಯಬೇಕು ಅಥವಾ ಹಣ ಸುರಿಯಬೇಕು. ಮೊದಲಿಗಿಂತ ವಾಸಿ, ಒಪ್ಪುತ್ತೇನೆ. ಆದರೂ ಊಟದ ಪಂಕ್ತಿಯ ಕೊನೆಯಲ್ಲಿ ಕೂರಿಸಿ "ಬರುತ್ತದೆ, ಬರುತ್ತದೆ" ಎಂದ ಹಾಗೆ. ಆಟದ ಹೆಸರಿನಲ್ಲೇ ಯುರೋಪ್ ಇದೆಯಲ್ಲ, ನಿನ್ನ ದೂರು ಏನು ಎಂದು ಗೆಳೆಯನೊಬ್ಬ ಕೇಳಿದ್ದ. ಭೂಪಟ ಇಡೀ ಜಗತ್ತಿನದು ತಾನೆ, ಎಂದೆ.

ಇನ್ನು ಕುದುರೆಯ ವಿಷಯ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ನಾನು ಬದುಕುವುದು ವಾಸ್ಕೋ ಡ ಗಾಮನ ಹೆಸರಿಟ್ಟುಕೊಂಡ ಊರಿನಲ್ಲಿ. ರಾತ್ರಿ ಹನ್ನೊಂದಕ್ಕೆ ಅದೇ ಊರಿನ ಬಾಡಿಗೆ ಮನೆಯಲ್ಲಿ ಕುಳಿತು ವಿಜಯನಗರದ ಪರವಾಗಿ ಪೋರ್ಚುಗೀಸರನ್ನು ತಡೆಯುವ ಕೆಲಸ. ಬೆಳಿಗ್ಗೆ ಪಣಜಿಗೆ ಹೊರಟರೆ ಹತ್ತುವುದು ಕದಂಬ ಬಸ್ಸು. ಕನ್ನಡದ ರಾಜಮನೆತನವೊಂದರ ಹೆಸರನ್ನು ಗೋವಾ ಸರ್ಕಾರದ ಬಸ್ಸುಗಳು ದಿನವೂ ಹೊತ್ತು ತಿರುಗುತ್ತವೆ, ಕಂಡಕ್ಟರನಿಗೆ ಅದರ ಪರಿವೆ ಇಲ್ಲ. ಹಾದಿಯಲ್ಲಿ ಗೋವಾ ವೆಲ್ಹಾ ಬರುತ್ತದೆ, ಅದೇ ಆ ಕದಂಬರ ಗೋಪಕಪಟ್ಟಣ. ಮುಂದೆ ಇದೇ ಗೋವೆಯನ್ನು ವಿಜಯನಗರದ ಮಾಧವ ಮಂತ್ರಿ ಆಳಿದ, 1472ರಲ್ಲಿ ಬಹಮನಿಗಳ ಮಹಮೂದ್ ಗವಾನ್ ಕಿತ್ತುಕೊಂಡ, 1510ರಲ್ಲಿ ಹೊನ್ನಾವರ ಕಡೆಯ ತಿಮ್ಮಯ್ಯನ ನೆರವಿನಿಂದ ಪೋರ್ಚುಗೀಸರ ಆಲ್ಬುಕರ್ಕ್ ಹಿಡಿದ. ಇಷ್ಟು ಸಣ್ಣ ನೆಲಕ್ಕೆ ಇಷ್ಟು ಜನ ಹೊಡೆದಾಡಿದ್ದಕ್ಕೆ ಒಂದು ದೊಡ್ಡ ಕಾರಣ ಇಲ್ಲಿ ಇಳಿಯುತ್ತಿದ್ದ ಕುದುರೆ.

ದಕ್ಷಿಣದ ಹವೆಗೆ, ಮೇವಿಗೆ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಅರಬ್ ದೇಶದಿಂದ, ಹೊರ್ಮುಜಿನಿಂದ ಹಡಗಿನಲ್ಲಿ ಬರಬೇಕಿತ್ತು. ತಾನೂ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಪ್ರವಾಸಿ ನೂನಿಜ್, ವಿಜಯನಗರದ ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ಬರೆಯುತ್ತಾನೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹದಿನೈದನೆಯ ಶತಮಾನದ ಕೊನೆಯಲ್ಲಿ ವಿಜಯನಗರವನ್ನು ಆಳಿದ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಮಾತು. ಸಾವಿರ ಪರ್ದಾವಿಗೆ (ಆಗಿನ ಚಿನ್ನದ ನಾಣ್ಯ) ಮೂರು ಕುದುರೆಯ ಲೆಕ್ಕ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯನ್ನೇ ಎಣಿಸಿ ಕೊಡುತ್ತಿದ್ದನಂತೆ.

ಹದಿನೆಂಟು ವರ್ಷದಿಂದ ಬಿಲ್ ಆಫ್ ಲೇಡಿಂಗ್ ಎಂಬ ಹಡಗಿನ ಸರಕಿನ ರಸೀದಿ, ಡೆಮರೇಜ್ ಎಂಬ ತಡದ ದಂಡ, ವಿಮೆಯ ತಕರಾರುಗಳ ನಡುವೆ ಕೂದಲು ಉದುರಿಸಿಕೊಂಡವನು ನಾನು. ಈ ಸಾಲು ಓದಿದಾಗ ಎದ್ದು ನಿಂತುಬಿಟ್ಟೆ. ದಾರಿಯಲ್ಲಿ ಕೆಟ್ಟ ಸರಕಿಗೂ ಪೂರ್ತಿ ಹಣ ಕೊಡುವ ಗಿರಾಕಿ! ಬಾಲವೇ ದಾಖಲೆ! ಕಳೆದ ತಿಂಗಳು ನೀರು ತಾಗಿದ ಎರಡು ಪೆಟ್ಟಿಗೆಗಳಿಗಾಗಿ ನಾನು ಹನ್ನೊಂದು ಪತ್ರ ಬರೆದಿದ್ದೇನೆ, ಫೋಟೋ ಕಳುಹಿಸಿದ್ದೇನೆ, ಇನ್ನೂ ಪೈಸೆ ಬಂದಿಲ್ಲ. ನರಸಿಂಹ ಧಾರಾಳಿ ಎಂದು ಹೀಗೆ ಮಾಡಿದನೇ? ನನಗೆ ಹಾಗೆ ಕಾಣುವುದಿಲ್ಲ. ಕಡಲಿನ ನಷ್ಟವನ್ನು ವ್ಯಾಪಾರಿಯ ತಲೆಯ ಮೇಲಿಂದ ಇಳಿಸಿ ತನ್ನ ಬೊಕ್ಕಸಕ್ಕೆ ಹಾಕಿಕೊಂಡ. ಹಾಗೆ ಮಾಡಿದರೆ ಹಡಗಿನವನು ಎದುರಾಳಿಯ ಬಂದರಿಗೆ ಹೋಗುವುದಿಲ್ಲ, ತನ್ನ ಬಂದರಿಗೇ ಬರುತ್ತಾನೆ. ಗೋವೆ ಆಗಲೇ ಕೈ ತಪ್ಪಿತ್ತು. ಭಟ್ಕಳದಂಥ ಬಂದರುಗಳಿಗೆ ವ್ಯಾಪಾರಿಯನ್ನು ಸೆಳೆಯಬೇಕಿತ್ತು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಪರದೇಶದವರು ಕುದುರೆಗಳನ್ನು ನಡೆಸಿಕೊಂಡು ಬರುವ ಸಾಲು ಇದೆ. ಎರಡು ವರ್ಷದ ಹಿಂದೆ ಅದರ ಮುಂದೆ ನಿಂತಾಗ ನನ್ನ ಹೆಂಡತಿ "ರೀ, ಎಷ್ಟು ಹೊತ್ತು ಅದನ್ನೇ ನೋಡುತ್ತೀರಿ? ರಥದ ಹತ್ತಿರ ಹೋಗೋಣ" ಎಂದಳು. ರಥ ಎಲ್ಲಿ ಹೋಗುತ್ತದೆ? ನಾನು ನೋಡುತ್ತಿದ್ದದ್ದು ಆಮದಿನ ಕಡತ.

ಹಳೆಯ ಆಟದಲ್ಲಿ ಈ ಕಡತಕ್ಕೆ ಜಾಗವೇ ಇರಲಿಲ್ಲ. ಬೊಕ್ಕಸದಲ್ಲಿ ಹಣವಿದ್ದರೆ ಗುಂಡಿ ಒತ್ತಿ, ಅಶ್ವದಳ ನೆಲದಿಂದ ಎದ್ದು ನಿಲ್ಲುತ್ತಿತ್ತು. ಕುದುರೆ ಎಲ್ಲಿಂದ ಬಂತು ಎಂದು ಕೇಳುವವರಿಲ್ಲ. ಜೊತೆಗೆ ಆಡಳಿತ, ರಾಜತಂತ್ರ, ಸೈನ್ಯ ಎಂದು ಮೂರು ಬಗೆಯ ಅಂಕಗಳು ರಾಜನ ತಲೆಯಿಂದ ತಿಂಗಳು ತಿಂಗಳು ಉದುರುತ್ತಿದ್ದವು, ಅವುಗಳಿಂದ ಏನು ಬೇಕಾದರೂ ಕೊಳ್ಳಬಹುದಿತ್ತು. ಹೊಸ ಆಟದಲ್ಲಿ ಆ ಅಂಕಗಳನ್ನು ಕಿತ್ತುಹಾಕಿದ್ದಾರೆ. ಜನರನ್ನು ಎಣಿಸಿ ಇಟ್ಟಿದ್ದಾರೆ, ಅವರಿಂದಲೇ ದುಡಿಮೆ, ಅವರಿಂದಲೇ ದಂಡು. ಸರಕುಗಳಿಗೆ ಮಾರುಕಟ್ಟೆ ಇದೆ, ಅದರಲ್ಲಿ ಕುದುರೆಯೂ ಒಂದು ಸರಕು. ರಾಜಧಾನಿಯಿಂದ ದೂರ ಹೋದಷ್ಟೂ ರಾಜನ ಹಿಡಿತ ಸಡಿಲ, ರಸ್ತೆ ಹೊಳೆ ಕಡಲುಗಳ ನೆರವು ಸಿಕ್ಕಿದರೆ ಮಾತ್ರ ಗಟ್ಟಿ. ಒಳನಾಡಿನ ಹಂಪಿಯಿಂದ ಘಟ್ಟ ಇಳಿದು ಕರಾವಳಿಯನ್ನು ಹಿಡಿದಿಡುವುದು ಎಷ್ಟು ಕಷ್ಟವೆಂದು ಇದರಲ್ಲಾದರೂ ತಿಳಿಯಬೇಕು. ಕ್ಯಾಸಲ್‌ರಾಕಿನಿಂದ ಕುಳೆಂವರೆಗೆ ರೈಲು ಇಳಿಯುವುದನ್ನು ಕಿಟಕಿಯಿಂದ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗಲೂ ಎಂಜಿನ್ನು ಏದುಸಿರು ಬಿಡುತ್ತದೆ, ಆಗ ಕುದುರೆಗಳನ್ನು ಹತ್ತಿಸಿದವರ ಪಾಡು ಏನಾಗಿರಬೇಕು.

ಎಲ್ಲವೂ ಸರಿಯಾಗಿರುತ್ತದೆ ಎಂಬ ಭ್ರಮೆ ನನಗಿಲ್ಲ. ಮುಂಗಡವಾಗಿ ಹಣ ಕಟ್ಟಿಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಆಟಕ್ಕೆ ಮುಂಗಡ ಕಟ್ಟಿ, ಬಿಡುಗಡೆಯ ದಿನ ಸೈನಿಕರೆಲ್ಲ ಗೋಡೆಯೊಳಗೆ ಸಿಕ್ಕಿಕೊಂಡು ನಿಂತಿದ್ದನ್ನು ನೋಡಿ ಬುದ್ಧಿ ಬಂದಿದೆ. ಇಂಥ ಆಟಗಳಲ್ಲಿ ಹೂರಣ ಆಮೇಲೆ ಕಂತಿನಲ್ಲಿ ಬರುತ್ತದೆ, ಪ್ರತಿ ಕಂತಿಗೂ ಬೇರೆ ಬೆಲೆ. ಬಡಿಸುವಾಗ ನಮ್ಮ ಪಂಕ್ತಿಗೆ ಯಾವಾಗ ಬರುತ್ತಾರೋ.

ಇನ್ನೊಂದು ಅಳುಕೂ ಇದೆ. ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗ ಈ ಆಟಗಳಲ್ಲಿ ನನ್ನನ್ನು ಮೀರಿಸಿದವನು. ಕಳೆದ ರಜೆಯಲ್ಲಿ ಬಂದಾಗ ಬಹಮನಿಗಳ ಒಂದೊಂದೇ ಊರನ್ನು ನುಂಗುತ್ತ "ಮಾಮಾ, ಕಲಬುರಗಿ ಮುಗಿಯಿತು" ಎಂದ. ಅವನ ಅಪ್ಪನ ಊರು ಕಲಬುರಗಿ ಜಿಲ್ಲೆ. ನಾನು ಅದನ್ನು ನೆನಪಿಸಿದೆ. ಅವನು ಒಂದು ಕ್ಷಣ ಪರದೆಯನ್ನು ನೋಡಿ, "ಅದು ಬೇರೆ ಕಲಬುರಗಿ ಮಾಮಾ" ಎಂದು ಮುಂದೆ ಹೋದ. ಹೊಸ ಆಟದಲ್ಲಿ ಜನರ ಎಣಿಕೆ ಕಣ್ಣಿಗೆ ಕಾಣುತ್ತದೆ, ಮುತ್ತಿಗೆ ಹಾಕಿದರೆ, ಪಿಡುಗು ಬಂದರೆ ಆ ಅಂಕಿ ಇಳಿಯುತ್ತದೆ. ಆಗಲೂ ಅವನು ಹಾಗೆಯೇ ಹೇಳುತ್ತಾನೋ ನೋಡಬೇಕು. ನಾನೇನು ಹೇಳುತ್ತೇನೆ ಎಂಬುದೂ ಗೊತ್ತಿಲ್ಲ. 1565ರ ಜನವರಿಯ ತಾಳಿಕೋಟೆಯ ಸೋಲನ್ನು ನನ್ನ ಕೈಯಾರೆ ತಪ್ಪಿಸಲು ನಾನು ಎಷ್ಟು ಊರು ಸುಡಬೇಕಾಗಬಹುದೋ.

ಶನಿವಾರ ರಾಜ್ಯೋತ್ಸವ. ಇಲ್ಲಿನ ಕನ್ನಡಿಗರ ಕಾರ್ಯಕ್ರಮದಲ್ಲಿ ಕುರ್ಚಿ ಹಾಕಿಸುವ ಕೆಲಸ ನನ್ನದು, ಅದು ಮುಗಿಯುವವರೆಗೆ ಆಟದ ಮಾತು ಎತ್ತಬಾರದೆಂದು ಮನೆಯಿಂದ ಆಜ್ಞೆಯಾಗಿದೆ. ಅದಿರಲಿ, ಈಗ ಬಂದಿರುವ ತೊಂದರೆ ಬೇರೆಯೇ. ಆಟಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್ ಬೇಕಂತೆ, ನನ್ನ ಲ್ಯಾಪ್‌ಟಾಪಿನಲ್ಲಿರುವುದು 8. ಮಡಗಾಂವಿನ ಅಂಗಡಿಯವನು ಸರಕು ಮುಂಬಯಿಯಿಂದ ಬರಬೇಕು, ಸೋಮವಾರ ಎಂದಿದ್ದಾನೆ. ಸೋಮವಾರ ಎಂದರೆ ಗುರುವಾರ ಎಂಬುದು ಈ ವೃತ್ತಿಯಲ್ಲಿರುವ ನನಗೆ ಗೊತ್ತಿಲ್ಲವೇ? ವಾಸ್ಕೋ, ಜುವಾರಿನಗರ, ಮಡಗಾಂವ್ ಕಡೆಯ ಸ್ನೇಹಿತರಲ್ಲಿ ಯಾರ ಬಳಿಯಾದರೂ ಹಳೆಯ ಲ್ಯಾಪ್‌ಟಾಪಿನಿಂದ ತೆಗೆದಿಟ್ಟ ಡಿಡಿಆರ್4 ಎಂಬ ಬಗೆಯ 8 ಜಿಬಿ ಮೆಮೊರಿ ತುಂಡು ಇದ್ದರೆ ದಯವಿಟ್ಟು ಇನ್‌ಬಾಕ್ಸಿನಲ್ಲಿ ತಿಳಿಸಿ. ಬದುಕಿರಲಿ, ಸತ್ತಿರಲಿ, ಪೂರ್ತಿ ಹಣ ಕೊಡುತ್ತೇನೆ.