ಬಣ್ಣದ ಅಂಗಡಿಗೆ ಹೋಗುವ ಮುಂಚೆ ಇಸವಿ ಗೊತ್ತು ಮಾಡಿಕೊಳ್ಳಿ

ಸೈನಿಕನ ಮಿನಿಯೇಚರ್‌ಗೆ, ಅಂದರೆ ಪುಟ್ಟ ಗೊಂಬೆಗೆ, ಮೊದಲ ಸಲ ಬಣ್ಣ ಹಚ್ಚುವವರು ಸಾಮಾನ್ಯವಾಗಿ ಕೇಳುವುದು ಯಾವ ಕಂಪನಿಯ ಬಣ್ಣ, ಎಷ್ಟನೇ ನಂಬರ್ ಬ್ರಷ್ ಅಂತ. ಅದು ಆಮೇಲೆ. ಮೊದಲು ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ಇಸವಿ, ಯಾವ ಜಾಗ, ಯಾವ ಪಡೆ. "ಹಳೇ ಕಾಲದ ಮೈಸೂರು ಸೈನಿಕ" ಅಂತ ಬರೆದರೆ ಕೆಲಸ ಅಲ್ಲೇ ಕೆಟ್ಟಿತು. "1792, ಮಂಜರಾಬಾದ್ ಕೋಟೆ, ಟಿಪ್ಪುವಿನ ಕಾಲಾಳು ಪಡೆಯ ಸಿಪಾಯಿ" ಅಂತ ಬರೆದರೆ ಅರ್ಧ ತಪ್ಪುಗಳು ಶುರುವಾಗುವ ಮುಂಚೆಯೇ ನಿಂತವು.

ಹಾಸನದವರಿಗೆ ಮೊದಲು ಮನಸ್ಸು ಹೋಗುವುದು ಹೊಯ್ಸಳ ಯೋಧನ ಕಡೆ. ಹಳೇಬೀಡಿನ ಗೋಡೆಪಟ್ಟಿಕೆಗಳಲ್ಲಿ ಆನೆ, ಕುದುರೆ, ಕತ್ತಿ, ಗುರಾಣಿ ಎಲ್ಲ ಕಣ್ಣೆದುರಿಗೇ ಇವೆ. ಊರೂರಲ್ಲಿ ನಿಂತಿರುವ ವೀರಗಲ್ಲುಗಳೂ ಒಳ್ಳೆಯ ಆಧಾರವೇ, ಶಾಸನ ಇದ್ದರೆ ಕಾಲವೂ ಸಿಗುತ್ತದೆ. ಆದರೂ ಮೊದಲ ಗೊಂಬೆಗೆ ಅದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಳಪದ ಕಲ್ಲು ಆಕಾರ ಹೇಳುತ್ತದೆ, ಬಣ್ಣ ಹೇಳುವುದಿಲ್ಲ. ಸೊಂಟದ ಬಟ್ಟೆ ಕೆಂಪೋ ನೀಲಿಯೋ, ಗುರಾಣಿ ತೊಗಲೋ ಮರವೋ, ಎಲ್ಲವೂ ಊಹೆಯೇ. ಕಲಿಯುವ ಕೈಗೆ ಬೇಕಾಗಿರುವುದು ಬರಹ, ಚಿತ್ರ, ವಸ್ತು ಮೂರೂ ಉಳಿದಿರುವ ಕಾಲ. ಟಿಪ್ಪುವಿನ ಕಾಲ ಅಂಥದ್ದು. ಸಕಲೇಶಪುರದ ಹತ್ತಿರ ಮಂಜರಾಬಾದ್‌ನ ಆ ಎಂಟು ಮೂಲೆಯ ನಕ್ಷತ್ರದ ಕೋಟೆಯೂ ನಿಂತಿದೆ. ನಿಮ್ಮ ಸಿಪಾಯಿ ನಿಲ್ಲುವ ಕಲ್ಲು, ಮಣ್ಣು, ಪಾಚಿ ಹೇಗಿರಬೇಕೆಂದು ಅಲ್ಲಿಗೆ ಹೋಗಿ ನೋಡಿಕೊಂಡೇ ಬರಬಹುದು.

ಈಗ ಆಧಾರಗಳ ವಿಷಯ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಕಂಡದ್ದು, ಓದಿದ್ದು, ಊಹಿಸಿದ್ದು. ರುಮಾಲು, ಅಂಗಿ, ಪಟ್ಟಿ, ಬಂದೂಕು, ಕಾಲು, ಹೀಗೆ ಒಂದೊಂದಕ್ಕೂ ಒಂದು ಸಾಲು. 1799ರ ಶ್ರೀರಂಗಪಟ್ಟಣ ಮುತ್ತಿಗೆಯ ಕಾಲದ ಇಂಗ್ಲಿಷ್ ವಿವರಣೆಗಳಲ್ಲಿ ಟಿಪ್ಪುವಿನ ಸಿಪಾಯಿಗೆ ಬಿಳಿ ಚುಕ್ಕೆಯ ನೇರಳೆ ಅಂಗಿ, ಕಪ್ಪು ತೊಗಲಿನ ಪಟ್ಟಿ ಇವೆ. ಇದು "ಓದಿದ್ದು" ಕಾಲಂಗೆ. 1791-92ರಲ್ಲಿ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್, ರಾಕೆಟ್ಟನ್ನೇ ಬಾವುಟದ ಕೋಲು ಮಾಡಿಕೊಂಡು ನಿಂತ ಮೈಸೂರು ಸೈನಿಕನ ಚಿತ್ರ ಬರೆದಿದ್ದಾನೆ. ಅದು "ಕಂಡದ್ದು". ಇವರೆಲ್ಲ ಎದುರಾಳಿ ಪಕ್ಷದವರು ಅನ್ನುವುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ, ಮೈಸೂರು ಸೈನ್ಯ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಹಾಸನದಿಂದ ಬೆಳಿಗ್ಗೆ ಹೊರಟರೆ ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರಬಹುದು. ಹೋಗಲೇಬೇಕು. ಆದರೆ ಆ ಚಿತ್ರ ಒಂದೇ ಕೈಯಲ್ಲಿ ಉಳಿದು ಬಂದದ್ದಲ್ಲ. 1799ರ ನಂತರ ಅಲ್ಲಿ ತಂಗಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ, 19ನೇ ಶತಮಾನದ ಮಧ್ಯದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬಣ್ಣ ಹಾಕಿಸಿದ. ಹಾಗಾಗಿ ಅಲ್ಲಿಂದ ಭಂಗಿ, ಆಯುಧ ಹಿಡಿಯುವ ರೀತಿ, ಸಾಲು ನಿಲ್ಲುವ ರೀತಿ ತೆಗೆದುಕೊಳ್ಳಿ. ಅಂಗಿಯ ಬಣ್ಣಕ್ಕೆ ಅದೊಂದನ್ನೇ ನಂಬಬೇಡಿ. ಅದೇ ದಿನ ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ಗೂ ಹೋಗಿ. ಅಂಗಿಯ ಬಿಳಿ ಚುಕ್ಕೆಯೂ ಹುಲಿಪಟ್ಟೆಯ ಮಾದರಿಯದೇ. ಇಲ್ಲಿನ ಒಳಗೋಡೆಗೆ ಬಳಿದಿರುವ ಹುಲಿಪಟ್ಟೆ ನೋಡಿದರೆ ಅದರ ಆಕಾರ ಅರ್ಥವಾಗುತ್ತದೆ: ಜೀಬ್ರಾ ಗೆರೆಯ ಹಾಗೆ ಉದ್ದಕ್ಕೆ ಹರಿಯುವುದಿಲ್ಲ, ತುಂಡು ತುಂಡಾಗಿ, ತುದಿ ಚೂಪಾಗಿ ಇರುತ್ತದೆ.

ಡಬ್ಬಿಯ ಮೇಲಿನ ಚಿತ್ರವಾಗಲಿ, ಬೇರೆಯವರು ಬಣ್ಣ ಹಚ್ಚಿದ ಗೊಂಬೆಯ ಫೋಟೋ ಆಗಲಿ ಆಧಾರವೇ ಅಲ್ಲ. ಒಬ್ಬರ ಊಹೆಯನ್ನು ಹತ್ತು ಜನ ನಕಲು ಮಾಡಿದ ಮಾತ್ರಕ್ಕೆ ಅದು ಇತಿಹಾಸ ಆಗುವುದಿಲ್ಲ. 1918ರಲ್ಲಿ ಹೈಫಾದಲ್ಲಿ ಹೋರಾಡಿದ ಮೈಸೂರಿನ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಗೊಂಬೆ ಮಾಡುವವರಿಗೆ ಹಳೇ ಫೋಟೋ ಸಿಗುತ್ತದೆ, ಆದರೆ ಅಲ್ಲೂ ಒಂದು ಮೋಸ ಇದೆ. ಆ ಕಾಲದ ಸಾಮಾನ್ಯ ಫಿಲ್ಮ್‌ಗೆ ಕೆಂಪು ಬೆಳಕು ತಟ್ಟುತ್ತಿರಲಿಲ್ಲ. ಕೆಂಪು ಬಟ್ಟೆ ಕಪ್ಪಾಗಿ ಬೀಳುತ್ತದೆ, ನೀಲಿ ತೀರಾ ಪೇಲವವಾಗಿ ಕಾಣುತ್ತದೆ.

ಬಂದೂಕಿನ ಮೇಲೆ ಒಂದು ಸಂಜೆ ಪೂರ್ತಿ ಕಳೆಯಿರಿ, ದಂಡವಾಗುವುದಿಲ್ಲ. ಫ್ರೆಂಚ್ ಮಾದರಿಯ ಮಸ್ಕೆಟ್‌ನಲ್ಲಿ ನಳಿಗೆಯನ್ನು ಮರಕ್ಕೆ ಹಿಡಿದಿಡಲು ಮೂರು ಲೋಹದ ಬಳೆಗಳಿರುತ್ತವೆ. ಇಂಗ್ಲಿಷ್ ಬ್ರೌನ್ ಬೆಸ್‌ನಲ್ಲಿ ಬಳೆ ಇಲ್ಲ, ಒಳಗೆ ಅಡ್ಡ ಪಿನ್ನು. ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚ್ ಬಂದೂಕೂ ಇತ್ತು, ಇಂಗ್ಲಿಷರಿಂದ ಕಿತ್ತುಕೊಂಡದ್ದೂ ಇತ್ತು, ಆದ್ದರಿಂದ ಎರಡೂ ತಪ್ಪಲ್ಲ. ಬಳೆ ಇಲ್ಲದ ಬಂದೂಕಿಗೆ ಬಳೆ ಬಳಿಯುವುದು ತಪ್ಪು. ಫ್ರೆಂಚ್ ಮಸ್ಕೆಟ್ ಸುಮಾರು 152 ಸೆಂ.ಮೀ. ಉದ್ದ. 54 ಮಿ.ಮೀ. ಎತ್ತರದ ಗೊಂಬೆ ಅಂದರೆ ನಿಜದ ಅಳತೆಯ ಸುಮಾರು 32ನೇ ಒಂದು ಭಾಗ, ಹಾಗಾಗಿ ಬಯೊನೆಟ್ ಬಿಟ್ಟು 4.75 ಸೆಂ.ಮೀ. ಬರಬೇಕು. ಸ್ಕೇಲ್ ಇಟ್ಟು ಅಳೆಯಿರಿ. ಬಂದೂಕಿನ ಕುದುರೆಯ (ಕಿಡಿ ಹೊಡೆಯುವ ಭಾಗ) ದವಡೆಯಲ್ಲಿ ಕಚ್ಚಿಕೊಂಡಿರುವ ಚಕಮಕಿ ಕಲ್ಲನ್ನೂ ಬಿಡಬೇಡಿ: ಫ್ರೆಂಚ್ ಕಲ್ಲು ಜೇನಿನ ಬಣ್ಣ, ಇಂಗ್ಲಿಷ್ ಕಲ್ಲು ಕಪ್ಪು. ಬ್ರಷ್ ತುದಿಯ ಒಂದೇ ಚುಕ್ಕೆ, ಆದರೆ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಚಕಮಕಿಯ ಬದಲು ಕೇಪು ಹೊಡೆಯುವ ಸುತ್ತಿಗೆ ಇದ್ದರೆ ಆ ಬಂದೂಕು 19ನೇ ಶತಮಾನದ್ದು, ಈ ಸಿಪಾಯಿಗೆ ಸಲ್ಲದು.

ಬಣ್ಣ ಹಚ್ಚುವ ಕ್ರಮ ಹೀಗೆ. ಅಚ್ಚಿನ ಗೆರೆಗಳನ್ನು ಬ್ಲೇಡಿನಿಂದ ಹೆರೆದು, ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಣ್ಣ ಹಿಡಿದುಕೊಳ್ಳಲು ಬೇಕಾದ ತಳಬಣ್ಣ, ಅಂದರೆ ಬೂದು ಪ್ರೈಮರನ್ನು ತೆಳ್ಳಗೆ ಎರಡು ಸಲ ಹೊಡೆಯಿರಿ. ತೊಳೆಯದಿದ್ದರೆ ಅಚ್ಚಿನ ಎಣ್ಣೆ ಉಳಿದು ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಸ್ಟೇಷನರಿ ಅಂಗಡಿಯ ಕ್ಯಾಮ್ಲಿನ್ ಅಕ್ರಿಲಿಕ್ ಸಾಕು, ಆದರೆ ಬರೀ ನೀರು ಸುರಿದು ತೆಳು ಮಾಡಬೇಡಿ, ಅಂಟು ಒಡೆದು ಕಲೆ ಕಲೆಯಾಗುತ್ತದೆ. ಬಣ್ಣ ತೆಳು ಮಾಡಲೆಂದೇ ಸಿಗುವ ಅಕ್ರಿಲಿಕ್ ಮೀಡಿಯಂ ಸ್ವಲ್ಪ ಬೆರೆಸಿ. ಬ್ರಷ್ 1ನೇ ನಂಬರ್, ತುದಿ ಕೂಡುವಂಥದ್ದು. ತೀರಾ ಸಣ್ಣದಾದ ಮೂರು ಸೊನ್ನೆಯ (000) ಬ್ರಷ್‌ನಲ್ಲಿ ಬಣ್ಣ ಗೊಂಬೆ ಮುಟ್ಟುವ ಮುಂಚೆಯೇ ಒಣಗುತ್ತದೆ.

ಮೊದಲು ಮೈಬಣ್ಣ. ಡಬ್ಬಿಯಲ್ಲಿ ಬರುವ ಗುಲಾಬಿ ಛಾಯೆಯ ಮೈಬಣ್ಣ ನಮ್ಮ ಸಿಪಾಯಿಗೆ ಬೇಡವೇ ಬೇಡ. ಬರ್ಂಟ್ ಸಿಯೆನ್ನಾ 3 ಪಾಲು, ಯೆಲ್ಲೋ ಓಕರ್ 2, ಬರ್ಂಟ್ ಅಂಬರ್ 1. ನೆರಳಿಗೆ ಅಂಬರ್ ಜೊತೆ ಚೂರು ಅಲ್ಟ್ರಾಮರೀನ್, ಬೆಳಕಿಗೆ ಓಕರ್. ಬಿಳಿ ಜಾಸ್ತಿಯಾದರೆ ಮುಖ ಸುಣ್ಣ ಬಳಿದ ಹಾಗೆ ಆಗುತ್ತದೆ.

ಅಂಗಿಯ ನೇರಳೆಗೆ ಅಲ್ಟ್ರಾಮರೀನ್ 3, ಕ್ರಿಮ್ಸನ್ 1, ಹೊಳಪು ಕೊಲ್ಲಲು ಅಂಬರ್ ಒಂದು ಚಿಟಿಕೆ. ಅದು ಗಿಡದ ಬಣ್ಣ ಕುಡಿದ, ಬಿಸಿಲು ಮಳೆ ಕಂಡ ಬಟ್ಟೆ. ಇವತ್ತಿನ ರೇಷ್ಮೆ ಸೀರೆಯ ನೇರಳೆಯಂತೆ ಮಿಂಚಬಾರದು. ಅಂಗಿಯ ನೆರಳು ಬೆಳಕು ಪೂರ್ತಿ ಮುಗಿದ ಮೇಲೆಯೇ ಬಿಳಿ ಚುಕ್ಕೆಗೆ ಕೈ ಹಾಕಿ. ಮೊದಲು ಜಾಗ ಗುರುತಿಸುವ ಸಣ್ಣ ಬಿಂದುಗಳು, ಆಮೇಲೆ ಅವನ್ನು ಎಳೆದು ಚೂಪು ಮಾಡುವುದು. ಬಿಳಿಗೆ ಚೂರು ಓಕರ್ ಸೇರಿಸಿ. ಎಲ್ಲರೂ ಎಡವುವುದು ಬಟ್ಟೆಯ ಮಡಿಕೆಯಲ್ಲಿ: ಚುಕ್ಕೆ ಮಡಿಕೆಯ ಮೇಲೆ ಮುರಿಯಬೇಕು, ಹೊಲಿಗೆಯ ಹತ್ತಿರ ಅರ್ಧಕ್ಕೆ ಕತ್ತರಿಸಬೇಕು. ಸಪಾಟಾಗಿ ಹಾಯಿಸಿದರೆ ಬಟ್ಟೆಯ ಬದಲು ಸ್ಟಿಕರ್ ಅಂಟಿಸಿದ ಹಾಗೆ ಕಾಣುತ್ತದೆ. ಕೊನೆಗೆ ಮಡಿಕೆಯ ಒಳಗೆ ತೆಳು ನೇರಳೆ ನೀರನ್ನು ಒಂದು ಸಲ ಹಾಯಿಸಿ, ಅಲ್ಲಿನ ಬಿಳಿಯೂ ನೆರಳಿಗೆ ಇಳಿಯುತ್ತದೆ. ಪಟ್ಟಿಗೆ ಅಪ್ಪಟ ಕಪ್ಪು ಬೇಡ, ಕಪ್ಪು ಬೂದು ಸಾಕು. ಇಷ್ಟು ಚಿಕ್ಕ ಗೊಂಬೆಯಲ್ಲಿ ಕಪ್ಪು ತೂತಿನ ಹಾಗೆ ಕಾಣುತ್ತದೆ.

ಕೊನೆಗೆ ಹೊಡೆಯುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇಯನ್ನು ಮಲೆನಾಡಿನ ಮಳೆಗಾಲದಲ್ಲಿ ಮುಟ್ಟಬೇಡಿ. ಗಾಳಿಯ ತೇವ ಸೇರಿ ಗೊಂಬೆಯ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಪೊರೆ ಕೂರುತ್ತದೆ, ತಿಂಗಳ ಕೆಲಸ ನಿಮಿಷದಲ್ಲಿ ಹಾಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಬ್ರಷ್ಷಿನಲ್ಲಿ ಹಚ್ಚುವ ವಾರ್ನಿಷ್ಷೇ ಸರಿ, ಇಲ್ಲವೇ ಬಿಸಿಲು ಬರುವ ತನಕ ಕಾಯಿರಿ.

ಗೊಂಬೆಯ ಪೀಠದ ಅಡಿಯಲ್ಲಿ ಇಸವಿ, ಜಾಗ, ಪಡೆಯ ಹೆಸರು ಬರೆದು, ಮೂರನೇ ಕಾಲಂನಲ್ಲಿ ಉಳಿದದ್ದನ್ನೂ ಪೆನ್ಸಿಲ್‌ನಲ್ಲಿ ಬರೆಯಿರಿ: "ಸೊಂಟದ ಬಟ್ಟೆಯ ಬಣ್ಣ ಊಹೆ, ಗುಂಡಿಗಳು ಊಹೆ." ಪೆನ್ಸಿಲ್ ಯಾಕೆಂದರೆ, ನಾಳೆ ಒಂದು ಹೊಸ ಚಿತ್ರ ಕೈಗೆ ಸಿಕ್ಕರೆ ಅಳಿಸಿ ತಿದ್ದಬಹುದು.