ಕ್ಯಾನ್ಸರ್ ವಾರ್ಡಿನ ಮಕ್ಕಳಿಗೆ ಡ್ರಾಯಿಂಗ್ ಕಾಂಪಿಟೇಶನ್ ಬೇಡ

ನವೆಂಬರ್ 14 ಹತ್ರ ಬಂತು ಅಂದ್ರೆ ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಯಾವ್ದಾದ್ರೂ ಟೀಮು ಬರುತ್ತೆ, ಬಲೂನ್ ಕಟ್ತಾರೆ, ಎಲ್ರೂ ಖುಷಿಯಾಗಿರೋ ಚಿತ್ರ ಬರೀರಿ ಅಂತಾರೆ, ಫಸ್ಟ್ ಸೆಕೆಂಡ್ ಥರ್ಡ್ ಪ್ರೈಜ್ ಕೊಟ್ಟು ಡ್ರಿಪ್ ಹಾಕಿರೋ ಮಗು ಪಕ್ಕ ನಿಂತು ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಅವರ ಮನಸ್ಸು ಒಳ್ಳೇದೇ, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಮಕ್ಕಳಲ್ಲಿ ಜಾಸ್ತಿ ಕಾಣೋ ಎಎಲ್ಎಲ್ ಅನ್ನೋ ಬ್ಲಡ್ ಕ್ಯಾನ್ಸರಿಗೆ ಟ್ರೀಟ್‌ಮೆಂಟೇ ಎರಡರಿಂದ ಮೂರು ವರ್ಷ ನಡೆಯುತ್ತೆ ಕಣ್ರೀ. ಒಂದು ದಿನದ ಬಣ್ಣ ಅದಕ್ಕೆ ಏನ್ ಸಾಕಾಗುತ್ತೆ?

ನಮ್ಮಕ್ಕನ ಮಗಳು ಹುಷಾರಿಲ್ದೆ ಇದ್ದಾಗ ಒಂದ್ಸಲ ಪೇಜ್ ತುಂಬ ಬರೀ ಸೂಜಿ ಬರೆದಿದ್ಲು, ಎಲ್ಲಾ ಕಪ್ಪು ಕ್ರೇಯಾನಲ್ಲಿ. ಬಂದಿದ್ದ ಒಬ್ರು 'ಅಯ್ಯೋ ಇದೇನ್ ಪುಟ್ಟಿ, ಸೂರ್ಯ ಬರಿ, ಹೂವು ಬರಿ' ಅಂದ್ರು. ಅವ್ಳು ಪೇಜ್ ಮಡಚಿ ದಿಂಬಿನ ಕೆಳಗಿಟ್ಬಿಟ್ಳು. ಬೆನ್ನಿಗೆ ಸೂಜಿ ಹಾಕುಸ್ಕೊಂಡು ಬಂದಿದ್ದ ಮಗು ಅದು, ಅವತ್ತು ಅವಳಿಗೆ ಹೇಳ್ಬೇಕಾಗಿದ್ದೇ ಆ ಸೂಜಿ ವಿಷ್ಯ. ಕೇಳಿಸ್ಕೊಂಡಿದ್ರೆ ಸಾಕಿತ್ತು.

ಅಮೆರಿಕದ ಅರಿಜೋನಾದಲ್ಲಿ 2004ರಲ್ಲಿ 'ಬೀಡ್ಸ್ ಆಫ್ ಕರೇಜ್' ಅಂತ ಒಂದು ಕಾರ್ಯಕ್ರಮ ಶುರುವಾಯ್ತು, ಶುರುಮಾಡಿದ್ದು ಒಬ್ರು ನರ್ಸು. ಸೂಜಿ ಚುಚ್ಚಿದಾಗೆಲ್ಲ ಮಗುಗೆ ಒಂದು ಕಪ್ಪು ಮಣಿ, ಕೀಮೋಗೆ ಬಿಳಿ, ರಕ್ತ ಏರಿಸಿದ್ರೆ ಕೆಂಪು, ಮಗು ಅದನ್ನ ಪೋಣಿಸ್ತಾ ಹೋಗುತ್ತೆ. ನಂಗೆ ತುಂಬಾ ಇಷ್ಟ ಆಗಿದ್ದು, ಅಲ್ಲಿ ಕಪ್ಪು ಮಣಿಗೂ ಜಾಗ ಇದೆ, ನೋವನ್ನ ಬಚ್ಚಿಡು ಅಂತ ಯಾರೂ ಹೇಳಲ್ಲ. ಇನ್ನು ಎಷ್ಟೋ ಕಡೆ ಗೊಂಬೆ ಕೈಗೆ ಕ್ಯಾನುಲಾ, ಅಂದ್ರೆ ಡ್ರಿಪ್ ಕೊಡೋ ಸಣ್ಣ ನಳಿಕೆ, ಹಾಕೋ ಆಟ ಆಡಿಸ್ತಾರೆ, ಯಾವಾಗ್ಲೂ ಚುಚ್ಚಿಸ್ಕೊಳ್ಳೋ ಮಗು ಆಗ ಡಾಕ್ಟರ್ ಆಗುತ್ತೆ, 'ಸ್ವಲ್ಪ ನೋವಾಗುತ್ತೆ, ಆಮೇಲೆ ಬಿಸ್ಕತ್ ಕೊಡ್ತೀನಿ' ಅಂತ ಗೊಂಬೆಗೆ ಸಮಾಧಾನ ಹೇಳುತ್ತೆ. ಇದಕ್ಕೆಲ್ಲ ಕೋಟಿ ದುಡ್ಡು ಬೇಕಾಗಿಲ್ಲ, ನಮ್ಮ ಚನ್ನಪಟ್ಟಣದಲ್ಲಿ ಗೊಂಬೆಗೇನ್ ಬರ?

ಆಟ, ಕಲೆ ಮಗುವಿನ ಹಕ್ಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧೀಲೇ ಇದೆ, ಭಾರತ 1992ರಲ್ಲಿ ಒಪ್ಕೊಂಡಿದೆ. ಹಾಗಾಗಿ ಆಸ್ಪತ್ರೆಯೋರು ಇದನ್ನ ದಾನಿಗಳ ಮರ್ಜಿಗೆ ಬಿಡ್ಬಾರ್ದು, ಔಷಧಿ ಊಟದ ಜೊತೆ ಇದಕ್ಕೂ ಒಬ್ರನ್ನ ನೇಮಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮನೆಯೋರ ಕಥೆ ಇನ್ನೊಂದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಕಲಬುರಗಿ ಕಡೆಯಿಂದೆಲ್ಲ ಬರ್ತಾರೆ, ಅಮ್ಮ ಮಗು ಇಲ್ಲಿ, ಅಪ್ಪ ಕೂಲಿಗೆ, ಇನ್ನೊಂದು ಮಗು ಊರಲ್ಲಿ ಅಜ್ಜಿ ಹತ್ರ. ಆ ಊರಲ್ಲಿರೋ ಮಗೂನ ಯಾರೂ ಕೇಳೋದೇ ಇಲ್ಲ. ಅದೂ ಒಂದು ಚಿತ್ರ ಬರ್ದು ಫೋನಲ್ಲಿ ಕಳ್ಸಿದ್ರೆ, ಇಲ್ಲಿ ವಾರ್ಡಲ್ಲಿರೋ ಮಗು ಅದಕ್ಕೆ ಬಣ್ಣ ಹಚ್ಚಿ ವಾಪಸ್ ಕಳ್ಸಿದ್ರೆ ಎಷ್ಟ್ ಚೆನ್ನಾಗಿರುತ್ತೆ! ಅಮ್ಮಂದ್ರನ್ನ ಕೇಳಿದ್ರೆ 'ನಮಗೇನ್ ಬರ್ತದ್ರೀ' ಅಂತಾರೆ, ಆದ್ರೆ ಕೌದಿ ಹೊಲಿಯೋಕೆ ಬರುತ್ತೆ, ಬೀಸೋ ಪದ ಬರುತ್ತೆ, ಧರ್ಮಶಾಲೇಲಿ ನಾಲ್ಕು ಜನ ಕೂತು ಹೊಲಿತಾ ಹಾಡಿದ್ರೆ ಅಳೋಕೂ ಒಂದು ಜಾಗ ಸಿಗುತ್ತೆ ಅವರಿಗೆ.

ವಾಲಂಟಿಯರ್ ಆಗಿ ಹೋಗೋರು ಒಂದೆರಡು ವಿಷ್ಯ ತಿಳ್ಕೊಂಡು ಹೋಗಿ. ಕೀಮೋ ಟೈಮಲ್ಲಿ ಇನ್ಫೆಕ್ಷನ್ ಬೇಗ ತಗಲುತ್ತೆ, ಅದಕ್ಕೆ ಪ್ರತಿ ಮಗುಗೂ ಅದರದ್ದೇ ಹೊಸ ಬಣ್ಣದ ಬಾಕ್ಸ್ ಇರ್ಲಿ, ಹಂಚ್ಕೊಳ್ಳೋದು ಬೇಡ. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ತಗೊಳ್ಳೋ ಕೆಲವು ಮಕ್ಕಳಿಗೆ ಬೆರಳಲ್ಲಿ ಶಕ್ತಿ ಕಮ್ಮಿಯಾಗಿರುತ್ತೆ, ಪೆನ್ಸಿಲ್ ಹಿಡಿಯೋಕಾಗಲ್ಲ, ದಪ್ಪ ಕ್ರೇಯಾನ್ ಕೊಡಿ. ಆದಷ್ಟೂ ಬರೆಯೋ ಕೈ ಬಿಟ್ಟು ಇನ್ನೊಂದು ಕೈಗೆ ಕ್ಯಾನುಲಾ ಹಾಕಿ ಅಂತ ಸಿಸ್ಟರ್ ಹತ್ರ ಕೇಳ್ಕೊಳ್ಳೋಕೆ ಅಮ್ಮಂದ್ರಿಗೆ ಹೇಳಿ. ಮಗು ಏನೂ ಬರೀದೆ ಸುಮ್ನೆ ಮಲಗಿದ್ರೆ ಬಲವಂತ ಮಾಡ್ಬೇಡಿ, ಪಕ್ಕದಲ್ಲಿ ಕೂತ್ಕೊಂಡಿರಿ. ನಿಮಗೆ ನೆಗಡಿ ಇದ್ರೆ ಆ ವಾರ ಹೋಗ್ಬೇಡಿ, ಫೋನ್ ಮಾಡಿ ಮುಂದಿನ ವಾರ ಬರ್ತೀನಿ ಅಂತ ಮಗುಗೇ ಹೇಳಿ, ಹೇಳಿದ್ಮೇಲೆ ಹೋಗ್ಲೇಬೇಕು ಮತ್ತೆ.